ಅಲಾಯೆರೆ ಕಟ್ಟಿದ ಎಳೆಗರಿ

ಅಲಾಯೆರೆಯ ಬಾಯಿಗೆ ಒಪುಕಿರಿ ಊರಲ್ಲಿ ಯಾರೂ ಹೆದರುತ್ತಿರಲಿಲ್ಲ. ನೈಜರ್ ನದಿ ಕಡಲು ಸೇರುವ ಕಡೆ, ಕಾಂಡ್ಲಾ ಮರಗಳ ಬೇರುಗಳ ನಡುವಿನ ಕೆಸರಲ್ಲಿ ಪುಟ್ಟ ಶಂಖುಹುಳ ಆರಿಸಿ ಮಾರುವ ಹೆಂಗಸು. ಬೈಗುಳ ಧಾರಾಳ, ಕೇಳುವ ಕಿವಿ ಕಡಿಮೆ. ಆದರೆ ಅವಳು ಕಟ್ಟಿದ ತಾಳೆಯ ಎಳೆಗರಿಗೆ ಮಾತ್ರ ಊರೆಲ್ಲ ನಡುಗುತ್ತಿತ್ತು. ಹಿರಿಯಳೊಬ್ಬಳು ಗರಿ ಕಟ್ಟಿದರೆ, ಅವಳೇ ಬಿಚ್ಚುವ ತನಕ ಅತ್ತ ಕಾಲಿಡುವಂತಿಲ್ಲ, ಅಲ್ಲಿ ಕಂಡದ್ದನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ.

ಅವಳ ಹಿರಿಮಗಳು ಹೆರಿಗೆ ನೋವಿನಲ್ಲಿ, ದೂರದ ಆಸ್ಪತ್ರೆಗೆ ಒಯ್ಯುವಾಗ ದೋಣಿಯಲ್ಲೇ ಪ್ರಾಣ ಬಿಟ್ಟಿದ್ದಳು. ಹೊಸ ಕಾನೂನು ಬಂದು, ಎಣ್ಣೆ ತೆಗೆಯುವ ಕಂಪನಿ ಊರಿನ ನಿಧಿಗೆ ಪ್ರತಿ ವರ್ಷ ಪಾಲು ಕೊಡಬೇಕೆಂದಾಗ, ಆ ಹಣದಲ್ಲಿ ಹೆರಿಗೆ ಮನೆಯೇ ಆಗಬೇಕೆಂದು ಅಲಾಯೆರೆ ಹಟ ಹಿಡಿದು ಗೆದ್ದಳು. ಗೋಡೆ ಕಿಟಕಿಯ ಮಟ್ಟಕ್ಕೆ ಬಂತು. ಕಿರಿಮಗಳು ಎಬಿಮಿಯೆಗೂ ದಿನ ತುಂಬುತ್ತಿತ್ತು.

ಅದೇ ಕಾನೂನಿನಲ್ಲಿ ಇನ್ನೊಂದು ಕೊಕ್ಕೆಯಿತ್ತು. ಊರವರು ಕಂಪನಿಯ ಎಣ್ಣೆ ಪೈಪು ಹಾಳುಮಾಡಿದರೆ ದುರಸ್ತಿಯ ಖರ್ಚು ಆ ನಿಧಿಯಿಂದಲೇ ಕಳೆಯುತ್ತಾರೆ. ಪೈಪು ಕೊರೆದು ಎಣ್ಣೆ ಕದಿಯುವ ಹುಡುಗರಿಗೇನೂ ಊರಲ್ಲಿ ಬರವಿರಲಿಲ್ಲ. ಅಲಾಯೆರೆ ಪೈಪಿಗೆ ಗರಿ ಕಟ್ಟಿ, ನೆಲಕ್ಕೆ ಜಿನ್ ಮದ್ಯ ಸುರಿದು, "ಇನ್ನು ಮುಟ್ಟಿ ನೋಡ್ರೋ!" ಎಂದು ಗುಡುಗಿದಳು. ಕಳ್ಳತನ ನಿಂತೇ ಹೋಯಿತು. ಅವಳಿಗೆ ಹೆಮ್ಮೆಯೋ ಹೆಮ್ಮೆ.

ಆಮೇಲೆ ಅಕ್ಕ ತೀರಿಕೊಂಡಳೆಂದು ಮೇಲಿನ ಊರಿಗೆ ಹೋದಳು. ಮಣ್ಣು ಮಾಡಿ ಮರಳುವಾಗ ಹೊಳೆ ಕಪ್ಪಾಗಿತ್ತು. ಸತ್ತ ಮೀನು ದೋಣಿಗೆ ತಾಗುತ್ತಿತ್ತು.

"ಯಾವನೋ ಕೊರೆದೋನು?" ದಡದಲ್ಲಿ ನಿಂತಿದ್ದ ಹಳೆಯ ಎಣ್ಣೆಗಳ್ಳ ಪೆರೆವಾರಿಯನ್ನು ಕೇಳಿದಳು.

"ಯಾರೂ ಕೊರೆದಿಲ್ಲಮ್ಮ. ತುಕ್ಕು ಹಿಡಿದು ತಾನೇ ಒಡೀತು. ನೀನು ಹೋದ ಮಾರನೇ ದಿನಾನೇ."

"ಕಂಪನಿಯೋರಿಗೆ ಹೇಳೋಕೆ ಏನು ರೋಗ ಬಂದಿತ್ತೋ ನಿಮಗೆ?"

"ಗರಿ ಕಟ್ಟಿದ್ದೆಯಲ್ಲಮ್ಮ. ಬಾಯಿ ಬಿಡೋ ಹಾಗಿತ್ತಾ?"

ಅಲಾಯೆರೆ ಬೆಪ್ಪಾಗಿ ಅವನನ್ನೇ ನೋಡಿದಳು. "ಹುಟ್ಟಿದಾಗಿಂದ ನನ್ನ ಒಂದು ಮಾತು ಕೇಳಿದೋನಲ್ಲ ನೀನು. ಇದೊಂದನ್ನ ಕೇಳಬೇಕಿತ್ತಾ?"

ಅಲಾಯೆರೆ ಗರಿ ಬಿಚ್ಚಿದ ಮೇಲೆ ಸುದ್ದಿ ಮುಟ್ಟಿ, ಕಂಪನಿಯ ಅಧಿಕಾರಿ ಊರ ಸಭೆಗೆ ಬಂದ. ಊರವರು ಎಷ್ಟು ಹೇಳಿದರೂ ತುಕ್ಕಿನ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಬೀಳದಿದ್ದರೇ ಅವನಿಗೆ ಅನುಕೂಲ; ಬಿದ್ದರೆ ಖರ್ಚು ಕಂಪನಿಯದೇ. "ಪೈಪಿಗೆ ಗರಿ ಕಟ್ಟಿ ದಾರಿ ತಡೆದಿದ್ದೀರಿ. ಸೋರಿದ್ದನ್ನ ಮುಚ್ಚಿಟ್ಟಿದ್ದೀರಿ. ಇದು ಊರಿನವರದ್ದೇ ಕೆಲಸ. ಕಟ್ಟಿದ್ದು ಯಾರು?"

ಎಲ್ಲರೂ ತಲೆ ತಗ್ಗಿಸಿದರು. ಅವಳನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ.

"ನಾನೇ," ಎಂದು ಅಲಾಯೆರೆ ಎದ್ದಳು. "ನಿಮ್ಮ ಪೈಪು ಕಾಯೋಕೆ ಕಟ್ಟಿದ್ದು ಸ್ವಾಮಿ."

"ಚೆನ್ನಾಗಿ ಕಾದಿರಿ," ಎಂದು ಅಧಿಕಾರಿ ನಕ್ಕ. ಆ ವರ್ಷದ ಪಾಲು ಪೂರ್ತಿ ಹೋಯಿತು. ಹೆರಿಗೆ ಮನೆ ಕಟ್ಟುತ್ತಿದ್ದ ಕೂಲಿಯವರು ಕರಣೆ, ತೂಗುಗುಂಡು ಎತ್ತಿಕೊಂಡು ಹೊರಟರು.

ಎಬಿಮಿಯೆಗೆ ಒಂದು ಬೆಳಗ್ಗೆ ನೋವು ಶುರುವಾಯಿತು. ದೋಣಿಯಲ್ಲಿ ಮಲಗಿಸಿದರು. ಸೂರಿಲ್ಲದ ಹೆರಿಗೆ ಮನೆಯ ಪಕ್ಕದಲ್ಲೇ ಹುಟ್ಟು ಹಾಕುತ್ತ ಅಲಾಯೆರೆ ಆಸ್ಪತ್ರೆಯತ್ತ ಹೊರಟಳು. ಹಿರಿಮಗಳು ಕಣ್ಣು ಮುಚ್ಚಿದ ಹೊಳೆಯ ತಿರುವು ಎದುರಿಗೆ ಬಂತು.

"ಅಮ್ಮಾ, ಬೈಯೋದಾದ್ರೂ ಬೈಯೇ. ಹೀಗೆ ಸುಮ್ಮನಿರಬೇಡ, ಭಯ ಆಗುತ್ತೆ," ಎಂದು ಮಗಳು ನರಳಿದಳು.

ಊರಿಗೆಲ್ಲ ಬಾಯಿ ಮಾಡುತ್ತಿದ್ದ ಅಲಾಯೆರೆಗೆ ಒಂದು ಮಾತೂ ಹೊರಡಲಿಲ್ಲ.