ಮೂರು ಬೆರಳಗಲದ ಗೊರಸು

ನನ್ನ ಷಡ್ಡಕನ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಹೇಳಹೊರಟರೂ ಮುಕ್ಕಾಲು ಪಾಲು ಅವನ ಬೂಟಿನ ವಿಷಯವೇ ಆಗುತ್ತದೆ. ಕುದುರೆ ಲಾಯದಲ್ಲಿ ಕೆಲಸ ಮಾಡುವ ಮನುಷ್ಯ, ದಿನವಿಡೀ ಲದ್ದಿ ತುಳಿದುಕೊಂಡು ಓಡಾಡಬೇಕಾದವನು, ಮುಖ ಕಾಣುವ ಹಾಗೆ ಉಜ್ಜಿದ ಬೂಟು ಹಾಕಿಕೊಂಡು ಬರುತ್ತಾನೆ. ಲಾಯದವರೆಲ್ಲ ಅವನನ್ನು ಪಾಲಿಶ್ ಎಂದೇ ಕರೆಯುತ್ತಾರೆ. ಆ ಹೆಸರಿಟ್ಟವನು ನಾನೇ. ಮಾನವಿದ್ದವನಾದರೆ ಬೇಜಾರು ಮಾಡಿಕೊಳ್ಳಬೇಕಿತ್ತು. ಅವನು ಹಲ್ಲು ಕಿರಿದು, "ಚೆನ್ನಾಗಿದೆ ಭಾವ" ಎಂದ.

ನಾನು ಲಾಳ ಕಟ್ಟುವವನು. ಅಪ್ಪನದೂ ಅದೇ ಕೆಲಸ. ಮೂವತ್ತೊಂದು ವರ್ಷ ಕುದುರೆಗಳ ಕಾಲನ್ನು ತೊಡೆಯ ನಡುವೆ ಇರುಕಿಕೊಂಡು ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗಿದೆ. ಪಾಲಿಶ್ ಅಷ್ಟೂ ವರ್ಷ ಫರ್ನಿಚರ್ ಅಂಗಡಿಯಲ್ಲಿ ನೆರಳಲ್ಲಿ ಕೂತು ಮಂಚ, ಬೀರು ಉಜ್ಜಿದವನು. ಆ ಅಂಗಡಿ ಮುಚ್ಚಿತು. ನಾದಿನಿ ಬಂದು ತನ್ನ ಅಕ್ಕನ, ಅಂದರೆ ನನ್ನ ಹೆಂಡತಿಯ, ಮುಂದೆ ಅತ್ತಳು, ಹೆಂಡತಿ ಬಂದು ನನ್ನ ತಲೆ ತಿಂದಳು, ನಾನು ಹೋಗಿ ಸವಾರಿ ಶಾಲೆಯ ಯಜಮಾನಿಯ ಮುಂದೆ ಹಲ್ಲು ಗಿಂಜಿದೆ. ಅವನಿಗೆ ಲಾಯ ನೋಡಿಕೊಳ್ಳುವ ಕೆಲಸವೂ ಸಿಕ್ಕಿತು, ಲಾಯದ ಮೇಲಿನ ಎರಡು ಕೋಣೆಯ ಮನೆಯೂ ಸಿಕ್ಕಿತು. ನನ್ನ ಶಿಫಾರಸಿನಿಂದ ಎನ್ನುವುದನ್ನು ನಾನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದೆ.

ಮೊದಲ ದಿನವೇ ಕುದುರೆಯ ಹಿಂದೆ ನಿಂತು "ಬಾ ಮಗಾ" ಎಂದು ಕರೆದು ಒದೆಸಿಕೊಂಡ. ಎರಡನೆಯ ದಿನ ಒಂದು ಡಬ್ಬಿ ಹಿಡಿದುಕೊಂಡು ಬೂದಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬೂದಿ ಎಂದರೆ ಶಾಲೆಯ ಹಳೆಯ ಹೆಣ್ಣುಕುದುರೆ. ಬಣ್ಣವೂ ಅದೇ, ಹೆಸರೂ ಅದೇ. ಅವಳ ಗೊರಸು ಆಗಲೇ ಸೀಮೆಸುಣ್ಣದ ಹಾಗೆ ಉದುರುತ್ತಿತ್ತು.

"ಭಾವ, ಇದಕ್ಕೆ ಎರಡು ಕೋಟ್ ಕೊಟ್ರೆ ಹೊಸದರ ಹಾಗೆ ಆಗುತ್ತೆ."

"ಅದು ಗೊರಸು ಕಣಯ್ಯಾ, ಊಟದ ಟೇಬಲ್ ಅಲ್ಲ."

"ಗೊತ್ತು ಭಾವ. ಟೇಬಲ್ಲಿಗೆ ಬೇರೆ ಡಬ್ಬಿ."

ಇಂಥವನಿಗೆ ಏನು ಹೇಳುವುದು? ಆದರೂ ಹೇಳಿದೆ. ಗೊರಸು ನಮ್ಮ ಉಗುರಿನ ಹಾಗೆ, ಮೇಲೆ ಕೂದಲಿನ ಅಂಚಿನಲ್ಲಿ ಹುಟ್ಟಿ ಕೆಳಗಿಳಿಯುತ್ತದೆ. ಎರಡು ತಿಂಗಳಿಗೆ ಒಂದು ಬೆರಳಗಲ, ಅದಕ್ಕಿಂತ ಹೆಚ್ಚಿಲ್ಲ. ಮೇಲೆ ಹುಟ್ಟಿದ್ದು ನೆಲ ಮುಟ್ಟಬೇಕಾದರೆ ಹತ್ತು ತಿಂಗಳು ಬೇಕು. ಹೊಟ್ಟೆಗೆ ಸರಿಯಾಗಿ ಬಿದ್ದರೆ ನುಣ್ಣಗೆ ಹುಟ್ಟುತ್ತದೆ, ಬೀಳದಿದ್ದರೆ ಬಳೆಬಳೆಯಾಗಿ ಗೀರು ಬಿದ್ದು ಹುಟ್ಟುತ್ತದೆ. ಮೇಲೆ ಬಣ್ಣ ಬಳಿದರೆ ಹೊಳೆಯಬಹುದು, ಬೆಳೆಯುವುದಿಲ್ಲ. ಗಟ್ಟಿ ಗೊರಸಿಗೆ ಅಪ್ಪ ಹೇಳಿಕೊಟ್ಟ ಮದ್ದು ಒಂದೇ: ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ನೆನೆಸಿದ ಬೂಸಾ. ಪಾಲಿಶ್ ಬರುವುದಕ್ಕೆ ಮುಂಚಿನಿಂದಲೇ ಬೂದಿಗೆ ನಾನು ಅದನ್ನು ಹಾಕಿಸುತ್ತಿದ್ದೆ. ಪಶುವೈದ್ಯರು ಒಮ್ಮೆ, "ಅಷ್ಟೊಂದು ಬೂಸಾ ಹಾಕಿದ್ರೆ ಸುಣ್ಣದ ಅಂಶ ಮೈಗೆ ಹತ್ತಲ್ಲ, ಗೊರಸು ಹಾಳಾಗುತ್ತೆ" ಎಂದಿದ್ದರು. ಅವರ ವಯಸ್ಸು ನನ್ನ ಸುತ್ತಿಗೆಯ ಹಿಡಿಯಷ್ಟೂ ಇಲ್ಲ. ನಾನು ಮೂಗು ಮುರಿದೆ.

ಪಾಲಿಶ್ ತಲೆಯಾಡಿಸಿ ಎಲ್ಲ ಕೇಳಿದ. ಮಾಡಿದ್ದು ಮಾತ್ರ ತನ್ನದೇ. ನೆನೆಸುವಾಗ ಏಳುವ ಬೂಸಾದ ಧೂಳು ಹಸಿ ಪಾಲಿಶಿಗೆ ಅಂಟುತ್ತದಂತೆ, ಬೂಸಾ ನಿಲ್ಲಿಸಿಬಿಟ್ಟ! ಬದಲಿಗೆ ಕುದುರೆಮಸಾಲೆ ಎನ್ನುವ ಮೇವಿನ ಸೊಪ್ಪು ತಂದು ಹಾಕಿದ. ಯಾಕಯ್ಯಾ ಎಂದರೆ, "ಹಸಿರಾಗಿ ನೋಡೋಕೆ ಚೆನ್ನಾಗಿರುತ್ತೆ ಭಾವ" ಎಂದ. ಒದ್ದೆ ನೆಲದಲ್ಲಿ ಕಪ್ಪು ಬಣ್ಣ ಬಿಟ್ಟುಹೋಗುತ್ತದೆಂದು ದಿನಕ್ಕೆ ಮೂರು ಸಲ ಗುಡಿಸಿ, ಒಣ ಮರದ ಹೊಟ್ಟು ಹರಡುತ್ತಿದ್ದ. ಸಂಜೆಯಾದರೆ ಬೂದಿಯನ್ನು ಹಿಡಿದುಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬರುವುದು; ದರ್ಜಿ, ಔಷಧಿ ಅಂಗಡಿಯವನು, ಸೈಕಲ್ ರಿಪೇರಿಯವನು ಎಲ್ಲರೂ ಹೊಳಪು ನೋಡಬೇಕಲ್ಲ! ಐವತ್ತು ದಾಟಿದ ಗಂಡಸು, ಮದುವೆ ಹೆಣ್ಣಿನ ಹಾಗೆ ಕುದುರೆಯನ್ನು ಸಿಂಗರಿಸಿಕೊಂಡು ಮೆರವಣಿಗೆ ಹೊರಡುತ್ತಿದ್ದ. ನೋಡಿ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಹೀಗೆ ಆರು ತಿಂಗಳು. ಐದು ವಾರಕ್ಕೊಮ್ಮೆ ನಾನು ಹೋಗುತ್ತಿದ್ದೆ, ಆ ಕಪ್ಪು ಕಂಡ ಕೂಡಲೇ ಉಗಿಯುತ್ತಿದ್ದೆ, ಕಾಲೆತ್ತಿ ಕೆಳಭಾಗ ಕತ್ತರಿಸಿ ಲಾಳ ಕಟ್ಟಿ ಬರುತ್ತಿದ್ದೆ. ಮೊಳೆ ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಒಂದೇ ತಿಂಗಳಲ್ಲಿ ಮೂರು ಸಲ ಲಾಳ ಕಳಚಿತು. ಮೂರನೆಯ ಸಲ ಬೂದಿ ಮುಗ್ಗರಿಸಿ, ಸವಾರಿ ಕಲಿಯಲು ಬಂದಿದ್ದ ಹಲ್ಲಿನ ಡಾಕ್ಟರು ಬೇಲಿಯ ಮೇಲೆ ಹೋಗಿ ಬಿದ್ದರು.

ಯಜಮಾನಿ ನಮ್ಮಿಬ್ಬರನ್ನೂ ಅಂಗಳಕ್ಕೆ ಕರೆಸಿದರು. ಊರುಗೋಲು ಹಿಡಿದ ಹಿರಿಯ ಹೆಂಗಸು, ಮಾತು ಕಡಿಮೆ.

"ಈ ಗೊರಸಲ್ಲಿ ಇನ್ನು ಜೀವ ಇದೆಯೋ ಇಲ್ವೋ ಹೇಳಿ. ಇದ್ರೆ ಇರಲಿ. ಇಲ್ಲ ಅಂದ್ರೆ ಶನಿವಾರ ಮಾಂಸದವರ ಲಾರಿ ಬರುತ್ತೆ. ಇನ್ನೊಂದು, ಇದು ಯಾರಿಂದ ಹೀಗಾಯ್ತೋ ಅವರು ನಾಳೆಯಿಂದ ಗೇಟೊಳಗೆ ಕಾಲಿಡೋದು ಬೇಡ."

"ಗೊರಸೇ ಹೇಳುತ್ತೆ ಅಮ್ಮಾ," ಎಂದೆ ನಾನು. "ಬೆರಳಿಟ್ಟು ಅಳೆದು ಯಾವ ತಿಂಗಳಿಂದ ಕೆಟ್ಟಿದೆ ಅಂತ ತೋರಿಸ್ತೀನಿ. ಇವನು ಬಂದು ಆರು ತಿಂಗಳಾಯ್ತು. ಅಂದ್ರೆ ಮೂರು ಬೆರಳು."

ಈ ಮಾತನ್ನು ನಾನು ಹಿಂದಿನ ದಿನವೇ ಮನೆಯಲ್ಲಿ ಹೇಳಿ ಹೇಳಿ ಸರಿಮಾಡಿಕೊಂಡಿದ್ದೆ. ಹೆಂಡತಿ, "ನನ್ನ ತಂಗಿ ಬೀದಿಗೆ ಬಿದ್ರೆ ನಿಮ್ಮ ಹೊಟ್ಟೆ ತಣ್ಣಗಾಗುತ್ತಾ?" ಎಂದು ಕೇಳಿದ್ದಳು. ಆಗುತ್ತದೆ ಎಂದು ಬಾಯಲ್ಲಿ ಹೇಳಿರಲಿಲ್ಲ, ಅಷ್ಟೇ.

ಬಟ್ಟೆಗೆ ಸ್ಪಿರಿಟ್ ಸುರಿದುಕೊಂಡು ಬೂದಿಯ ಮುಂಗಾಲನ್ನು ಉಜ್ಜಿದೆ. ಆರು ತಿಂಗಳ ಕಪ್ಪು ಬಟ್ಟೆಗೆ ಬಂತು. ಕೂದಲಿನ ಅಂಚಿನಿಂದ ಒಂದು ಬೆರಳಿಟ್ಟೆ, ನುಣ್ಣಗಿತ್ತು. ಎರಡನೆಯದು ಇಟ್ಟೆ, ನುಣ್ಣಗಿತ್ತು. ಮೂರನೆಯದೂ ಹಾಗೇ. ಉಗುರಿನಿಂದ ಕೆರೆದರೂ ಒಂದು ಗೀರಿಲ್ಲ. ಅದರ ಕೆಳಗೆ ನೆಲದವರೆಗೆ ಎರಡು ಬೆರಳಗಲ, ಬಳೆಯ ಮೇಲೆ ಬಳೆ, ಬಿರುಕು, ಪುಡಿ. ನಾನು ಮೊಳೆ ಹೊಡೆಯುತ್ತಿದ್ದದ್ದೆಲ್ಲ ಅಲ್ಲಿಗೆ. ಅದು ಪಾಲಿಶ್ ಬರುವುದಕ್ಕೆ ಮುಂಚಿನ ಗೊರಸು. ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಕಾಲದ್ದು.

ಇನ್ನೊಂದು ಕಾಲನ್ನೂ ಉಜ್ಜಿದೆ. ಅದೂ ಹಾಗೆಯೇ ಇತ್ತು.

ಆರು ತಿಂಗಳಲ್ಲಿ ಒಂದು ಸಲವೂ ನಾನು ಆ ಬಣ್ಣ ಒರೆಸಿ ನೋಡಿರಲಿಲ್ಲ. ಬೈಯುವುದರಲ್ಲೇ ನನಗೆ ಸುಖವಿತ್ತು. ಅಂಗಳದಲ್ಲಿದ್ದ ಮೂವರಲ್ಲಿ ಈ ಗೊರಸು ಓದಬಲ್ಲವನು ನಾನೊಬ್ಬನೇ. "ಮೇಲಿಂದ ಕೆಳಗಿನವರೆಗೂ ಹಾಳಾಗಿದೆ" ಎಂದುಬಿಟ್ಟರೆ ಕೇಳುವವರು ಯಾರು? ನಾಳೆ ಪಾಲಿಶ್ ಡಬ್ಬಿ ಹೊತ್ತುಕೊಂಡು ಗೇಟಿನಾಚೆ, ಶನಿವಾರ ಬೂದಿ ಲಾರಿಯಲ್ಲಿ. ಬಾಯಿ ತೆರೆದೂ ಬಿಟ್ಟೆ. ಬೂದಿ ತನ್ನ ಮೂಗನ್ನು ನನ್ನ ಬೆನ್ನಿಗೆ ಒರಗಿಸಿ ನಿಂತಿದ್ದಳು, ಹತ್ತು ವರ್ಷದಿಂದ ನಿಲ್ಲುತ್ತಿದ್ದ ಹಾಗೆ. ಆ ಉಸಿರು ಅಂಗಿಯೊಳಗೆ ಬೆಚ್ಚಗೆ ಇಳಿಯಿತು.

"ಮೇಲೆ ಹುಟ್ಟಿರೋದೆಲ್ಲ ಗಟ್ಟಿಯಾಗಿದೆ," ಎಂದೆ. "ಕೆಟ್ಟಿದ್ದು ಕೆಳಗಿಳೀತಾ ಇದೆ. ಇನ್ನು ನಾಲ್ಕು ತಿಂಗಳು ಲಾಳ ಬೇಡ, ಸವಾರಿ ಬೇಡ. ಸ್ವಲ್ಪ ಸ್ವಲ್ಪವೇ ಕತ್ತರಿಸ್ತಾ ಹೋದ್ರೆ ಪೂರ್ತಿ ಹೋಗುತ್ತೆ."

"ಯಾರಿಂದ ಕೆಟ್ಟಿದ್ದು?"

"ಬೂಸಾದಿಂದ. ಹಾಕಿಸಿದ್ದು ನಾನು."

ಯಜಮಾನಿ ಗೇಟಿನ ಕಡೆ ನೋಡಿದರು. ಅಷ್ಟರಲ್ಲಿ ಪಾಲಿಶ್, ಯಾರೂ ಕೇಳದೆ, ಬಾಯಿ ಹಾಕಿದ. "ಅಮ್ಮಾ, ಭಾವ ಇಲ್ದಿದ್ರೆ ಕತ್ತರಿಸೋರು ಯಾರು? ಅವರಷ್ಟು ಕೈ ಕೂತೋರು ಇಲ್ಲ. ಇರಲಿ ಬಿಡಿ."

ನನಗೆ ಅವನು ಶಿಫಾರಸು ಮಾಡಿದ. ಥೂ, ನನಗೆ! ಯಜಮಾನಿ ಒಪ್ಪಿಯೂ ಬಿಟ್ಟರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನೋಡಿದ್ರಾ ಭಾವ, ಎರಡು ಕೋಟ್ ಕೊಟ್ಟಿದ್ದಕ್ಕೇ ಆಗಿದ್ದು" ಎಂದ. ತಾನು ಮಾಡಿದ ಒಳ್ಳೆಯದು ಯಾವುದೆಂದು ಆ ತಲೆಗೆ ಇವತ್ತಿಗೂ ಹೊಳೆದಿಲ್ಲ. ಸೊಪ್ಪು ಅಲ್ಲವಂತೆ, ಒಣ ನೆಲ ಅಲ್ಲವಂತೆ, ದಿನಾ ನಡೆಸಿದ್ದೂ ಅಲ್ಲವಂತೆ. ಡಬ್ಬಿಯಂತೆ!

ನಾಲ್ಕು ತಿಂಗಳು ನಾನು ಮೂರು ವಾರಕ್ಕೊಮ್ಮೆ ಹೋದೆ. ಹೋದಾಗಲೆಲ್ಲ ನನ್ನ ಬೂಸಾದ ಗೊರಸು ಚೂರುಚೂರಾಗಿ ಅವನ ಒಣ ನೆಲದ ಮೇಲೆ ಬೀಳುತ್ತಿತ್ತು. ಅವನು ಆ ಬೂಟಿನಲ್ಲಿ ಬಂದು, ಗುಡಿಸಿಕೊಂಡು ಹೋಗುತ್ತಿದ್ದ. ಚುಚ್ಚಿ ಮಾತಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಕೊನೆಯ ಬಳೆ ಕತ್ತರಿಸಿದ ದಿನ ಅರ ಉಜ್ಜಿ, ಹೊಸ ಲಾಳ ಇಟ್ಟು, ಮೊಳೆ ಹೊಡೆದೆ. ಗಟ್ಟಿ ಮರಕ್ಕೆ ಹೊಡೆದ ಸದ್ದು ಬಂತು. ಬೂದಿ ಕಾಲೂರಿ ನೆಟ್ಟಗೆ ನಿಂತಳು. ಪಾಲಿಶ್ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಪೊರಕೆ ಹಿಡಿದುಕೊಂಡು ಎಂದಿನಂತೆ ಬಂದ. ಅವನ ಕೈಯಿಂದ ಪೊರಕೆ ಕಿತ್ತುಕೊಂಡೆ.

"ನೀನು ನಿನ್ನ ಪಾಲಿಶ್ ಹಚ್ಚಯ್ಯಾ," ಎಂದೆ. ಬಿದ್ದ ಸೊಂಟ ಬಗ್ಗಿಸಿ, ಆ ಚೂರುಗಳನ್ನೆಲ್ಲ ನಾನೇ ಗುಡಿಸಿದೆ.