ಬಿಯರ್ ಬಕೆಟ್ಟಿಗೊಂದು ಎರವಲು ಮೂಗು

ಅಬುಧಾಬಿಯ ಖಾಲಿದಿಯಾದ ನಮ್ಮ ಮನೆಯಲ್ಲಿ ಇವತ್ತು ಬೆಳಿಗ್ಗೆ ಮೂರು ಬಾಳೆಹಣ್ಣು ಕಪ್ಪಾಗಿ, ವಾಸನೆಯಿಂದ ಅಡುಗೆಮನೆಯನ್ನೆಲ್ಲ ಆವರಿಸಿದ್ದವು. "ಥ್ರೋ ಇಟ್, ಪಪ್ಪಾ!" ಎಂದಳು ಮಗಳು, ಮೂಗು ಹಿಡಿದು. ನಾನು ಬಗ್ಗಿ ಮೂಸಿದೆ. ಬಾಯಿಂದ ಬಂದದ್ದು, "ಏಸಿ ಕಡಿಮೆಯಾಗಿರಬೇಕು."

ನಗಬೇಡಿ, ಇದೊಂದು ವಿದ್ಯೆ. ಒಂದು ಹನಿಯೂ ಕುಡಿಯದೆ ಬಿಯರಿಗೆ ಏನು ರೋಗವೆಂದು ಹೇಳಬಲ್ಲ ಮಹಾನುಭಾವರು ಈ ದೇಶದಲ್ಲಿ ಎಷ್ಟು ಮಂದಿ ಸಿಕ್ಕಾರು?

ಇದನ್ನು ಕಲಿತಾಗ ನಾವು ದುಬೈನ ಊದ್ ಮೇಥಾದಲ್ಲಿದ್ದೆವು. ಎದುರು ಫ್ಲ್ಯಾಟಿನ ವಲೇರಿಯನ್ ಮಂಗಳೂರಿನ ಕಡೆಯವರು, ಹೋಟೆಲೊಂದರಲ್ಲಿ ಬ್ರೆಡ್ಡು-ಕೇಕಿನ ಬಾಣಸಿಗ. ಬಂದುಹೋದ ಜ್ವರವೊಂದು ಅವರ ಮೂಗನ್ನೂ ಜೊತೆಗೆ ಕೊಂಡೊಯ್ದಿತ್ತು. ಬಾಣಸಿಗನಿಗೆ ವಾಸನೆಯೇ ತಿಳಿಯದೆಂದು ಹೋಟೆಲಿಗೆ ಗೊತ್ತಾದರೆ ಕೆಲಸ, ವೀಸಾ ಎರಡೂ ಖಲಾಸ್. ದಿನಾ ಲವಂಗ, ನಿಂಬೆಸಿಪ್ಪೆ ಮೂಸಿ ಎಂದಿದ್ದರಂತೆ ಡಾಕ್ಟರು. ಇವರು ಮನೆಯಲ್ಲೇ ಬಕೆಟ್ಟಿನಲ್ಲಿ ಬಿಯರ್ ಮಾಡಲು ಕೂತರು.

"ಲವಂಗಕ್ಕೆ ಒಂದೇ ವಾಸನೆ ಮಾರಾಯ್ರೆ. ಯೀಸ್ಟಿಗೆ ದಿನಕ್ಕೊಂದು ಉಂಟು. ನೀವು ಮೂಸಿ ಹೇಳಿ, ನಾನು ಮೂಸಿ ನೆನಪು ಮಾಡ್ಕೊಳ್ತೇನೆ."

"ಮನ್ಯಾಗ ಇದನ್ನ ಮಾಡಬಹುದೇನ್ರಿ ಸಾಹೇಬ್ರ? ಕಾನೂನು..."

"ಮೆಲ್ಲ ಮಾತಾಡಿ."

ಒಟ್ಟು ಒಂಬತ್ತು ಸಲ ಕೇಳಿದ್ದೇನೆ. ಒಂಬತ್ತು ಸಲವೂ ಇದೇ ಉತ್ತರ.

ಮೊದಲ ಬಕೆಟ್ಟು ಬಾಳೆಹಣ್ಣಿನಂತೆ ನಾರಿತು, ಹಿಂದೆಯೇ ನೇಲ್ ಪಾಲಿಶಿನಂತೆ. ಸೆಕೆಗೆ ಯೀಸ್ಟಿನ ತಲೆ ತಿರುಗಿದೆ ಎಂದು ತೀರ್ಪಾಯಿತು. ಮುಂದಿನ ಬಕೆಟ್ಟು ಮಲಗುವ ಕೋಣೆಗೆ, ಏಸಿಯ ಕೆಳಗೆ ಬಡ್ತಿ ಪಡೆಯಿತು. ವಲೇರಿಯನ್ ಹಾಲ್‌ನ ಸೋಫಾಕ್ಕೆ ವರ್ಗವಾದರು.

ಅದರಲ್ಲಿ ಕೊಳೆತ ಮೊಟ್ಟೆಯ ನಾತ. ವಾಸನೆ ವಾಚ್‌ಮನ್‌ವರೆಗೆ, ಅಲ್ಲಿಂದ ಪೊಲೀಸರವರೆಗೆ, ನಾವಿಬ್ಬರೂ ಗಡೀಪಾರಾಗಿ ವಿಮಾನ ನಿಲ್ದಾಣದವರೆಗೆ ಹೋಗುವುದನ್ನು ನಾನು ಕಣ್ಣಾರೆ ಕಂಡು, ಬಾಗಿಲ ಸಂದಿಗೆ ಒದ್ದೆ ಟವೆಲ್ಲು ತುರುಕಿ, ನಾಲ್ಕು ಊದಿನಕಡ್ಡಿ ಹಚ್ಚಿದೆ.

"ಎಂತ, ಮೊಟ್ಟೆಗೆ ಪೂಜೆಯಾ? ಯೀಸ್ಟಿಗೆ ಸಂಕಟ ಆಗಿದೆ ಅಷ್ಟೆ. ಸುಮ್ಮನೆ ಬಿಡಿ, ಅದೇ ಹೋಗ್ತದೆ."

ಸುಮ್ಮನೆ ಬಿಡುವ ಕಲೆ ನಮ್ಮ ವಂಶದಲ್ಲಿ ಯಾರಿಗೂ ಒಲಿದಿಲ್ಲ. ಡ್ಯೂಟಿಗೆ ಹೋಗುವಾಗ ಅವರು ನನ್ನ ಕೈಗೇ ಕೀ ಕೊಡುತ್ತಿದ್ದರು. ಮೊಟ್ಟೆ ಹೋಯಿತೇ ಎಂದು ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಿದೆ. ಹೋಯಿತು, ಬದಲಿಗೆ ಹುಳಿ ಬಂತು.

"ಮುಚ್ಚಳ ತೆಗೆದದ್ದು ಯಾರು?"

ನಾನು ಗೋಡೆ ಗಡಿಯಾರ ನೋಡಿದೆ.

ಮೂರನೆಯ ಬಕೆಟ್ಟಿನ ಹೊತ್ತಿಗೆ ಅವರ ನಗೆ ಕಡಿಮೆಯಾಗಿತ್ತು. ಮರುವಾರ ಹೋಟೆಲಿನಲ್ಲಿ ಹೊಸ ಮೆನು. ದೊಡ್ಡ ಬಾಣಸಿಗನ ಎದುರು ನಿಂತು ಒಂದೊಂದನ್ನೂ ಮೂಸಿ, ರುಚಿ ನೋಡಿ ಹೇಳಬೇಕು. ಅವತ್ತು ಮುಚ್ಚಳ ತೆಗೆದು ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನನ್ನ ಮೂಗಿಗೆ ಬಡಿದದ್ದು ಮುಗ್ಗಿದ ಬೆಣ್ಣೆಬಿಸ್ಕೀಟಿನ ಡಬ್ಬಿ. ಇನ್ನೊಂದು ಸೋಲನ್ನು ಆ ಮುಖಕ್ಕೆ ಹೇಳಲಾಗಲಿಲ್ಲ.

"ಭಾಳ ಚೊಲೋ ಆಗೇತ್ರಿ. ಏನೂ ದೋಷ ಇಲ್ಲ."

ಅವರು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಸುಳ್ಳು ಯಾಕೆ ಹೇಳ್ತೀರಿ ಮಾರಾಯ್ರೆ? ಬೆಣ್ಣೆ! ಬೆಣ್ಣೆ ವಾಸನೆ ಬರ್ತಾ ಉಂಟು! ಪೂರಾ ಹಾಳಾಗಿದೆ!"

ಮತ್ತೆ ಮೂಸಿದರು, ಕಣ್ಣೊರೆಸಿಕೊಂಡರು, ಊರಿನಲ್ಲಿದ್ದ ಹೆಂಡತಿಗೆ ಫೋನು ಹಚ್ಚಿ ಬಿಯರ್ ಕೆಟ್ಟ ಶುಭವಾರ್ತೆ ಹೇಳಿದರು. ಮೋರಿಗೆ ಬಕೆಟ್ಟು ಸುರಿದದ್ದು ನಾವಿಬ್ಬರೂ ಸೇರಿ. ಹತ್ತನೆಯ ಸಲ ಕಾನೂನು ಕೇಳುವ ಅಗತ್ಯ ಬೀಳಲಿಲ್ಲ.

ಇವತ್ತಿನ ಬಾಳೆಹಣ್ಣು ನಾನು ಎಸೆಯಲಿಲ್ಲ. ತಟ್ಟೆಯನ್ನು ಮಗಳ ಮುಂದೆ ಹಿಡಿದೆ.

"ಇನ್ನೊಮ್ಮೆ ಮೂಸು."

"ಪಪ್ಪಾ, ಇಟ್ ಸ್ಟಿಂಕ್ಸ್!"

"ವಾಸ್ನಿ ಬರ್ತೇತಲ್ಲ? ಸಾಕು."