ಟ್ಯಾಂಕಿನ ಮೇಲಿನ ದೀಪ

ನನ್ನ ಹೆಂಡತಿಯ ಅಣ್ಣನಿಗೆ ನಮ್ಮ ಹಾಲಿನ ಕಾರ್ಖಾನೆಯಲ್ಲಿ ‘ಎರಡ್ಸಲ’ ಎಂದು ಹೆಸರು. ಕರೆಂಟ್ ಕೆಲಸದವನು. ಸ್ವಿಚ್ ತೆಗೆದ ಮೇಲೂ ಎರಡು ಸಲ ಟೆಸ್ಟರ್ ಹಚ್ಚಿ ನೋಡದೆ ಯಾವ ತಂತಿಯನ್ನೂ ಮುಟ್ಟಿದವನಲ್ಲ. ನಮ್ಮ ಮನೆಗೆ ಊಟಕ್ಕೆ ಬಂದರೂ ಅಷ್ಟೇ, ಚಪ್ಪಲಿ ಬಿಡುವ ಮೊದಲೇ ಅವನ ಕಣ್ಣು ಫ್ರಿಜ್ಜಿನ ಪ್ಲಗ್ಗಿನ ಮೇಲೆ. ಇಸ್ತ್ರಿ ಪೆಟ್ಟಿಗೆಯ ವೈರಿನ ಮೈ ಒಂದು ಕಡೆ ಸವೆದಿದೆ ಅನ್ನಿಸಿದರೆ ಪೆಟ್ಟಿಗೆಯನ್ನೇ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದ. ಹೊಸ ವೈರು ಹಾಕಿ ತರುವವರೆಗೆ ನಾನು ಸುಕ್ಕು ಅಂಗಿಯಲ್ಲೇ ಕೆಲಸಕ್ಕೆ ಹೋಗಬೇಕು.

“ನಿನ್ನ ಅಣ್ಣನಿಗೆ ತಲೆ ಕೆಟ್ಟಿದೆ” ಎಂದು ನಾನು ಕೂಗಾಡಿದರೆ ಹೆಂಡತಿ ತಣ್ಣಗೆ, “ಅವನು ವೈರಿಗೆ ಹೆದರ್ತಾನೆ, ನಾನು ನಿಮ್ಮ ಬಾಯಿಗೆ ಹೆದರ್ತೀನಿ. ಶಾಕ್ ಎರಡರಲ್ಲೂ ಒಂದೇ” ಎನ್ನುತ್ತಿದ್ದಳು.

ಭಾವನ ಭಯ ಸುಮ್ಮನೆ ಬಂದದ್ದಲ್ಲ. ಕೆಲಸ ಕಲಿಯುವ ಕಾಲದಲ್ಲಿ ಒದ್ದೆ ಕಾಲಲ್ಲಿ ನಿಂತು ಒಂದು ಮೋಟರಿನ ಮೈ ಮುಟ್ಟಿದ್ದನಂತೆ. ಕೈ ಹಾಗೇ ಹಿಡಿದುಕೊಂಡಿತು. ಬಿಡೋಣ ಅಂದರೆ ಬಿಡಲಿಕ್ಕಾಗದು, ಕೂಗೋಣ ಅಂದರೆ ದವಡೆ ಬಿಚ್ಚದು. ಪಕ್ಕದಲ್ಲಿದ್ದವನು ಮರದ ಸ್ಟೂಲಿನಿಂದ ಹೊಡೆದು ಬಿಡಿಸಿದ. ಆ ಪೆಟ್ಟಿಗೆ ಮುರಿದ ತೋಳು ಈಗಲೂ ಸ್ವಲ್ಪ ಸೊಟ್ಟ. “ಸಾಯೋದಕ್ಕೆ ಅಷ್ಟು ಹೆದರಿಕೆ ಆಗ್ಲಿಲ್ಲ ಕಣಯ್ಯ” ಎಂದು ಒಮ್ಮೆ ಹೇಳಿದ್ದ, “ಎಲ್ಲಾ ಗೊತ್ತಾಗ್ತಾ ಇತ್ತಲ್ಲ, ಅದಕ್ಕೆ ಆಯ್ತು.”

ಅಂಥವನಿಗೆ ಕಾರ್ಖಾನೆಯ ದೀಪಗಳನ್ನೆಲ್ಲ ವಹಿಸಿದ್ದರು. ದೀಪ ಅಂದರೆ ಬಲ್ಬು ಹಾಕಿ ಬರುವುದು ಎಂದು ನಾನೂ ತಿಳಿದಿದ್ದೆ. ಕಾರ್ಖಾನೆಯ ದೀಪಕ್ಕೆ ಮೈಮೇಲೆ ಎರಡು ಅಂಕಿ ಬರೆದಿರುತ್ತಾರೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಧೂಳಿನ ಅಂಕಿ ಆರಾದರೆ ಒಂದು ಕಣವೂ ಒಳಗೆ ಹೋಗದು, ಅದಕ್ಕಿಂತ ದೊಡ್ಡದಿಲ್ಲ. ಹಾಲಿನ ಪುಡಿ ಚೀಲಕ್ಕೆ ತುಂಬುವ ಕೋಣೆಯಲ್ಲಿ ಗಾಳಿಯೇ ಬೆಳ್ಳಗಿರುತ್ತದೆ, ಅಲ್ಲಿಗೆ ಆರೇ ಬೇಕು. ನೀರಿನ ಅಂಕಿ ಒಂಬತ್ತರವರೆಗೂ ಹೋಗುತ್ತದೆ. ಹನಿ ಬೀಳುವ ಕಡೆಗೆ ಸಣ್ಣದು ಸಾಕು, ಪೈಪಿನಿಂದ ಹೊಡೆಯುವ ಕಡೆಗೆ ದೊಡ್ಡದು ಬೇಕು. ಹೊರಗಿನ ಚಾವಣಿಯ ಕೆಳಗೂ ದೊಡ್ಡದನ್ನೇ ಹಾಕಬಾರದೇಕೆ ಎಂದು ಕೇಳಿದ್ದಕ್ಕೆ ಭಾವ, “ನೀನು ಮನೇಲಿ ಊಟಕ್ಕೆ ಕೂರೋವಾಗ ಹೆಲ್ಮೆಟ್ ಹಾಕ್ಕೋತೀಯಾ?” ಎಂದಿದ್ದ.

ಟ್ಯಾಂಕ್ ಕೋಣೆಯ ಹಳೆಯ ದೀಪಗಳು ಮಂಕಾದಾಗ ಹೊಸದನ್ನು ಆರಿಸಲು ಅವನು ಅಂಗಡಿಗೆ ಹೊರಟ. ಪೈಪಿಗೆ ವಾಷರ್ ತರಬೇಕಿದ್ದರಿಂದ ನಾನೂ ಜೊತೆಗೆ ಹೋದೆ. ಕಾರ್ಖಾನೆಯ ಪಂಪು, ಪೈಪು ನನ್ನ ಪಾಲಿನ ಕೆಲಸ. ಹಳೆಯ ದೀಪಗಳ ಮೇಲೆ ಆರು, ಆರು ಎಂದಿತ್ತು. ಅಂಗಡಿಯವನು ಅದನ್ನು ಕೇಳಿ ನಕ್ಕ. ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ. ಅದರ ತಳದಲ್ಲಿ, ನೀರಿನೊಳಗೆ, ಒಂದು ದೀಪ ಉರಿಯುತ್ತಾ ಕೂತಿತ್ತು.

“ನೋಡ್ಕೊಳ್ಳಿ. ಆರು, ಏಳು. ಬೆಳಗ್ಗೆಯಿಂದ ಮುಳುಗೇ ಇದೆ. ನೀವು ಮೀನು ಸಾಕಿದ್ರೂ ಅದಕ್ಕೇನೂ ಆಗಲ್ಲ.”

ಭಾವ ಬಗ್ಗಿ ನೋಡಿದ. ತೊಟ್ಟಿಯ ಆ ಕಡೆಗೆ ಹೋಗಿ ಮತ್ತೆ ನೋಡಿದ. ಅವನ ಮುಖ ಅಷ್ಟು ಹಗುರಾದದ್ದನ್ನು ನಾನು ಅದೇ ಮೊದಲು ಕಂಡದ್ದು. “ಮುಳುಗಿದ್ರೂ ಉರಿಯುತ್ತೆ ಅಂದ್ಮೇಲೆ ಮೇಲಿಂದ ನೀರು ಹೊಡೆದ್ರೆ ಏನಾಗುತ್ತೆ?” ಎಂದ. ಏನೂ ಆಗುವುದಿಲ್ಲ ಎಂದು ನನಗೂ ಅನ್ನಿಸಿತು. ಆರಕ್ಕಿಂತ ಏಳು ದೊಡ್ಡದು. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ.

ಟ್ಯಾಂಕ್ ಕೋಣೆಗೆ ಕಿಟಕಿಯಿಲ್ಲ. ಎತ್ತರದ ಉಕ್ಕಿನ ಟ್ಯಾಂಕುಗಳು, ಅವುಗಳ ನೆತ್ತಿಗೆ ತಾಗಿಕೊಂಡು ಒಂದು ಕಬ್ಬಿಣದ ಅಟ್ಟ, ಅಟ್ಟಕ್ಕೆ ಕಬ್ಬಿಣದ ಕಟಕಟೆ, ಹತ್ತಲು ಕಡಿದಾದ ಏಣಿ. ದೀಪಗಳನ್ನು ಕಟಕಟೆಯ ಕಂಬಗಳಿಗೇ ಬಿಗಿಯುತ್ತಾರೆ. ಹಾಲು ಖಾಲಿಯಾದ ಮೇಲೆ ಅಟ್ಟದ ಮೇಲೆ ನಿಂತು ಬಿಸಿನೀರಿನ ಪೈಪಿನಿಂದ ಟ್ಯಾಂಕಿನ ಬಾಯಿ, ಗೋಡೆ, ಕಟಕಟೆ ಎಲ್ಲವನ್ನೂ ತೊಳೆಯಬೇಕು. ಪೈಪು ಬಿಟ್ಟರೆ ಹಾವಿನ ಹಾಗೆ ಎಗರುತ್ತದೆ. ಎರಡು ಕೈಯಲ್ಲೂ ಅದುಮಿ ಹಿಡಿಯಬೇಕು. ಆ ಕೆಲಸ ಮಾಡುತ್ತಿದ್ದವಳು ನನ್ನ ಹೆಂಡತಿ. ಭಾವನ ಒಬ್ಬಳೇ ತಂಗಿ.

ಹೊಸ ದೀಪಗಳು ಬಂದವು. ಕೋಣೆ ಬೆಳ್ಳಗೆ ಬೆಳಗಿತು. ಆಮೇಲೆ ಲೀಕೇಜ್ ಸ್ವಿಚ್ಚಿನ ಕಾಟ ಶುರುವಾಯಿತು. ಕರೆಂಟು ಎಲ್ಲಿಯಾದರೂ ದಾರಿ ತಪ್ಪಿ ಸೋರಿದರೆ ತಾನಾಗಿ ಬಿದ್ದು ಲೈನನ್ನು ಕತ್ತರಿಸುವ ಸ್ವಿಚ್ಚು ಅದು. ತೊಳೆಯುವಾಗಲೆಲ್ಲ ಅದು ಬೀಳತೊಡಗಿತು. ಭಾವ ಹಳೆಯ ಜೋಡಣೆಗಳನ್ನೆಲ್ಲ ಬಿಚ್ಚಿ ಒರೆಸಿದ, ಟೇಪು ಸುತ್ತಿದ. ಹೊಸ ದೀಪಗಳ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ. ಅವು ನೀರಿನೊಳಗೆ ಉರಿಯುವುದನ್ನು ಕಣ್ಣಾರೆ ನೋಡಿದ್ದನಲ್ಲ! ಕೆಲಸ ನಿಂತಾಗಲೆಲ್ಲ ಮೇಲ್ವಿಚಾರಕರು ಬಂದು ಬೈಯುತ್ತಿದ್ದರು.

ಒಂದು ಮಧ್ಯಾಹ್ನ ನಾನು ಪಂಪಿನ ಹತ್ತಿರ ನಿಂತಿದ್ದೆ. ಭಾವ ಓಡಿ ಬಂದ. ಅವನು ಓಡಿದ್ದನ್ನು ನಾನು ಕಂಡೇ ಇರಲಿಲ್ಲ. ಮುಖದಲ್ಲಿ ರಕ್ತವಿಲ್ಲ.

“ಇವತ್ತು ಸ್ವಿಚ್ಚು ಬಿದ್ದಿಲ್ಲ” ಎಂದ.

“ಒಳ್ಳೇದೇ ಆಯ್ತಲ್ಲ. ಅದಕ್ಯಾಕೆ ಹಿಂಗೆ ಏದುಸಿರು ಬಿಡ್ತಿದ್ದೀಯ?”

“ಅಯ್ಯೋ, ಬಾ ಇಲ್ಲಿ.”

ಟ್ಯಾಂಕ್ ಕೋಣೆಯ ಮುಂದಿನ ಓಣಿಯಲ್ಲಿದ್ದ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲು ತೆಗೆದು ತೋರಿಸಿದ. ಬೆಳಗಿನ ಪಾಳಿಯ ಕರೆಂಟಿನವನು ದಿನಾ ಬೈಗುಳ ತಿಂದು ಸಾಕಾಗಿ, ಒಂದು ತುಂಡು ವೈರು ಹಾಕಿ ದೀಪದ ಲೈನನ್ನು ಆ ಸ್ವಿಚ್ಚಿನ ಹೊರಗಿನಿಂದಲೇ ಹಾಯಿಸಿಬಿಟ್ಟಿದ್ದ. ಇನ್ನು ಕರೆಂಟು ಎಷ್ಟು ಸೋರಿದರೂ ಸ್ವಿಚ್ಚು ಬೀಳುವುದಿಲ್ಲ, ತಡೆಯುವವರಿಲ್ಲ. ನಾನು ಆ ಮಗನ ಏಳು ತಲೆಮಾರನ್ನೂ ಬೈಯಲು ಬಾಯಿ ತೆಗೆದೆ. ಭಾವ ನನ್ನ ತೋಳು ಹಿಡಿದು ಟ್ಯಾಂಕ್ ಕೋಣೆಯ ಬಾಗಿಲಿಗೆ ಎಳೆದ.

ಒಳಗೆ ಉಗಿ. ಪಂಪಿನ ಅಬ್ಬರ. ಅಟ್ಟದ ಕೊನೆಯಲ್ಲಿ ನನ್ನ ಹೆಂಡತಿ, ಬೆನ್ನು ಈ ಕಡೆಗೆ, ಗಮ್‌ಬೂಟು, ರಬ್ಬರ್ ಕೈಗವಸು, ಮೊಣಕೈಯವರೆಗೆ ಮಡಚಿದ ತೋಳು. ಅವಳ ತಲೆಯ ಪಕ್ಕದಲ್ಲೇ ಕಂಬದ ದೀಪ. ಆ ದೀಪದ ಗಾಜಿನ ಹೊಟ್ಟೆಯಲ್ಲಿ ನೀರು ನಿಂತಿತ್ತು. ಅರ್ಧ ತುಂಬಿದ ಲೋಟದ ಹಾಗೆ. ಅವಳು ಪೈಪು ತಿರುಗಿಸಿದಾಗಲೆಲ್ಲ ಆ ನೀರು ಅಲುಗಿ, ಗೋಡೆಯ ಮೇಲಿನ ಬೆಳಕೂ ಅಲುಗುತ್ತಿತ್ತು.

ನಾನು ಪೆಟ್ಟಿಗೆಯ ಕಡೆ ತಿರುಗಿದೆ.

“ಲೈನು ತೆಗಿ ಮೊದ್ಲು!” ಎಂದೆ.

“ತೆಗೆದ್ರೆ ಕತ್ತಲು. ಕೈಯಲ್ಲಿ ಪೈಪು ಎಗರ್ತಾ ಇದೆ, ಕಾಲಡಿ ಜಾರುತ್ತೆ. ಅಷ್ಟು ಎತ್ತರದಿಂದ ಬೀಳ್ತಾಳೆ. ಮೊನ್ನೆ ಸ್ವಿಚ್ಚು ಬಿದ್ದಾಗ್ಲೇ ಕೂದಲೆಳೆಯಲ್ಲಿ ಉಳಿದ್ಲು.”

“ಪಂಪು ನಿಲ್ಲಿಸ್ತೀನಿ.”

“ನಿಲ್ಲಿಸಿದ್ರೆ ಮುಗೀತು ಅಂತ ಇಳಿಯೋಕೆ ತಿರುಗ್ತಾಳೆ. ತಿರುಗಿದವಳು ಏನು ಹಿಡ್ಕೋತಾಳೆ ಹೇಳು?”

ಕಟಕಟೆ. ದೀಪದಿಂದ ಸೋರಿದ ಕರೆಂಟು ಕಂಬದಿಂದ ಅದಕ್ಕೇ ಹರಿದಿರುತ್ತದೆ. ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಅದನ್ನು ಇಟ್ಟಿರುವುದೇ ಹಿಡಿಯಲಿಕ್ಕೆ. ಗಮ್‌ಬೂಟು, ಕೈಗವಸು ಅವಳನ್ನು ಇಲ್ಲಿಯವರೆಗೆ ಉಳಿಸಿತ್ತು. ಕೈಗವಸಿನೊಳಕ್ಕೆ ನೀರಿಳಿದಿದ್ದರೆ? ಬರಿಯ ಮೊಣಕೈ ಒಮ್ಮೆ ಆ ಕಬ್ಬಿಣಕ್ಕೆ ತಾಗಿದರೆ? ನನಗೆ ಕೂಗಬೇಕು ಅನ್ನಿಸಿತು. ಜೀವಮಾನವೆಲ್ಲ ಕೂಗಿದವನು ನಾನು, ಉಪ್ಪು ಕಮ್ಮಿಯಾದರೆ ಕೂಗಿದ್ದೇನೆ, ಬಸ್ಸು ತಡವಾದರೆ ಕೂಗಿದ್ದೇನೆ. ಭಾವ ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದ.

“ಕೂಗಬೇಡ. ಬೆಚ್ಚಿಬಿದ್ದು ತಿರುಗ್ತಾಳೆ.”

ಏನು ಮಾಡಬೇಕೆಂದು ಹೇಳಿದ. ಪೆಟ್ಟಿಗೆಯ ಪಕ್ಕದಲ್ಲಿ ತೂಗುಹಾಕಿದ್ದ ದೊಡ್ಡ ಬ್ಯಾಟರಿಯನ್ನು ನನಗೆ ಕೊಟ್ಟ. ನಾನು ಬಾಗಿಲಲ್ಲಿ ನಿಂತು ಅವಳ ಕಾಲ ಬುಡಕ್ಕೆ ಬೆಳಕು ಹಿಡಿಯಬೇಕು. ನನ್ನ ಜೊತೆ ಪಂಪಿನ ಕೆಲಸ ಮಾಡುವವನೊಬ್ಬ ಅದೇ ಕ್ಷಣ ಪಂಪು ನಿಲ್ಲಿಸಬೇಕು. ಪೈಪು ಸತ್ತ ಕೂಡಲೇ, ಅವಳು ತಿರುಗುವ ಮೊದಲು, ಭಾವ ಲೈನು ತೆಗೆಯುತ್ತಾನೆ.

ಬ್ಯಾಟರಿ ಹಿಡಿದು ನಿಂತೆ. ಬೆಳಕು ಅವಳ ಬೂಟಿನ ಮೇಲೆ ನಿಲ್ಲದೆ ಅತ್ತಿತ್ತ ಓಡುತ್ತಿತ್ತು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡೆ. ಪಂಪು ನಿಂತಿತು. ಪೈಪು ಜೋತುಬಿತ್ತು. ಅವಳು “ಇನ್ನೂ ಇದೆ ಕಣ್ರೋ!” ಎನ್ನುತ್ತಾ ತಿರುಗಿದಳು. ಎಡಗೈ ಪೈಪನ್ನು ಬಿಟ್ಟು ಕಟಕಟೆಯ ಕಡೆಗೆ ಹೊರಟಿತು. ಆ ಕೈ ಗಾಳಿಯಲ್ಲಿ ಹೋದ ದೂರವನ್ನು ನಾನು ಸಾಯುವವರೆಗೂ ಮರೆಯಲಾರೆ.

ದೀಪಗಳೆಲ್ಲ ಆರಿದವು.

“ಯಾವನೋ ಅವನು ದೀಪ ಆರ್ಸಿದ್ದು! ಕಣ್ಣು ಹೋಗಿದೆಯಾ ನಿಮಗೆ? ಮೇಲೊಬ್ಬಳು ಸಾಯ್ತಾ ಇದ್ದಾಳೆ ಅನ್ನೋ ಜ್ಞಾನ ಬೇಡ್ವಾ?”

ಅವಳ ಬೈಗುಳ ಅಷ್ಟು ಇಂಪಾಗಿ ಯಾವತ್ತೂ ಕೇಳಿಸಿರಲಿಲ್ಲ. ಬ್ಯಾಟರಿಯ ಬೆಳಕಿನಲ್ಲಿ ಏಣಿಯ ಒಂದೊಂದೇ ಮೆಟ್ಟಿಲು ಇಳಿದು ಬಂದು ನನ್ನ ಮುಖ ನೋಡಿದಳು. “ಏನ್ರೀ, ಯಾಕೆ ಅಳ್ತಾ ಇದ್ದೀರಿ?” ಎಂದಳು.

ಆಮೇಲೆ ಎಲ್ಲರನ್ನೂ ಹೊರಗೆ ನಿಲ್ಲಿಸಿ, ಒಣ ಹಲಗೆ ಹಾಕಿಕೊಂಡು, ಭಾವ ಒಂದು ಸಲ ಲೈನು ಕೊಡಿಸಿ ಕಟಕಟೆಗೆ ಟೆಸ್ಟರ್ ಹಚ್ಚಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಚುಕ್ಕಿ ಹತ್ತಿತು. ಕಂಬದ ಬುಡದಲ್ಲಿ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿನ ತಂತಿ ತುಕ್ಕು ತಿಂದು ಕೂದಲಿನಷ್ಟಾಗಿತ್ತು. ಅವನು ಅಲ್ಲೇ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಏಳಿಸಲು ಇಬ್ಬರು ಬೇಕಾಯಿತು.

ದೀಪ ಮಾಡುವವರಿಗೆ ಮೇಲ್ವಿಚಾರಕರ ಕೋಣೆಯಿಂದಲೇ ಫೋನು ಮಾಡಿದೆವು. ಆ ಕಡೆಯ ಹೆಂಗಸು ಬಿಡಿಸಿ ಹೇಳಿದಳು. ಏಳು ಅಂದರೆ ನಿಂತ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ನೋಡಿದ್ದು, ಅಷ್ಟೇ. ಪೈಪಿನಿಂದ ಹೊಡೆದು ನೋಡಿದ್ದು ಐದು ಮತ್ತು ಆರು. ಹತ್ತಿರದಿಂದ ಬಿಸಿನೀರು ಜೋರಾಗಿ ಹೊಡೆದು ನೋಡಿದ್ದು ಒಂಬತ್ತು. ಏಳರೊಳಗೆ ಆರು ಸೇರಿರಬೇಕೆಂದೇನೂ ಇಲ್ಲ. ಎರಡೂ ಪರೀಕ್ಷೆ ಪಾಸಾಗಿದ್ದರೆ ಎರಡನ್ನೂ ಮೈಮೇಲೆ ಬರೆದಿರುತ್ತಾರೆ. ನಿಂತ ನೀರು ರಬ್ಬರ್ ಅಂಚನ್ನು ಒತ್ತಿ ಹಿಡಿಯುತ್ತದೆ. ಹೊಡೆಯುವ ನೀರು ಅದನ್ನು ಎಬ್ಬಿಸಿ ಒಳಗೆ ನುಗ್ಗುತ್ತದೆ.

ಭಾವ ಫೋನು ಇಟ್ಟು ಮೇಲ್ವಿಚಾರಕರಿಗೆ, “ಆರಿಸಿದ್ದು ನಾನು, ಹೆದರಿ ದೊಡ್ಡ ನಂಬರ್ ತಗೊಂಡೆ” ಎಂದ. ಅವರೂ ಆ ದಿನ ಬೈಯಲಿಲ್ಲ. ವೈರು ಹಾಯಿಸಿದವನನ್ನು ಹುಡುಕಿಕೊಂಡು ನಾನು ಹೋದೆ. ಅವನು ನನಗಿಂತ ಮೊದಲೇ ಸುದ್ದಿ ಕೇಳಿ ಗೋಡೆಗೆ ಒರಗಿ ಕೂತಿದ್ದ. ಎತ್ತಿದ ನನ್ನ ಕೈ ಹಾಗೇ ಇಳಿಯಿತು.

ಹೊಸ ದೀಪಗಳು ಬಂದವು. ಮೈಮೇಲೆ ಆರು ಆರು, ಪಕ್ಕದಲ್ಲೇ ಆರು ಒಂಬತ್ತು. ಕಂಬಗಳಿಗೆ ಹೊಸ ಅರ್ತು ಬಿತ್ತು, ಲೀಕೇಜ್ ಸ್ವಿಚ್ಚು ತನ್ನ ಜಾಗಕ್ಕೆ ಮರಳಿತು. ಆದರೆ ನನ್ನ ಹೆಂಡತಿ ಮತ್ತೆ ಅಟ್ಟ ಹತ್ತುವುದಕ್ಕೆ ನಾನು ಒಪ್ಪಲಿಲ್ಲ.

“ಬೇರೆ ಕೆಲಸ ಕೇಳು. ಇಲ್ಲಾ ಮನೇಲಿರು.”

“ನಾನು ಹತ್ತದಿದ್ರೆ ಇನ್ನೊಬ್ಬಳು ಹತ್ತಬೇಕು. ಅವಳ ಗಂಡನಿಗೂ ನಿಮ್ಮಷ್ಟೇ ಗಂಟಲಿದೆ.”

ಭಾವ ಇದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದ. ಅವಳ ಗಮ್‌ಬೂಟು ಹಾಕಿಕೊಂಡ. ಅವು ಅವನಿಗೆ ಚಿಕ್ಕವು, ಹಿಮ್ಮಡಿ ಒಳಗೆ ಇಳಿಯಲೇ ಇಲ್ಲ. ಹಾಗೇ ಕುಂಟುತ್ತಾ ಏಣಿ ಹತ್ತಿದ. “ಮೊದಲು ನಾನು ತೊಳೀತೀನಿ” ಎಂದ.

“ಅಣ್ಣಾ, ನಿನಗೆ ಪೈಪು ಹಿಡಿಯೋಕೆ ಬರಲ್ಲ!”

“ಕಲೀತೀನಿ ಬಿಡೇ.”

ನನ್ನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಕೈ ಸ್ವಿಚ್ಚಿನ ಮೇಲೆ, ಕಣ್ಣು ತೆರೆದ ಬಾಗಿಲಿನಾಚೆಯ ಅಟ್ಟದ ಮೇಲೆ. ಪಂಪು ಶುರುವಾಯಿತು. ಬಿಸಿನೀರು ಕಂಬಕ್ಕೆ, ಗಾಜಿಗೆ, ಅಂಚಿಗೆ ಬಡಿಯಿತು. ಉಗಿಯೊಳಗೆ ಅವನು ಆಗಾಗ ಮಾಯವಾಗುತ್ತಿದ್ದ. ಮಾಯವಾದಾಗಲೆಲ್ಲ ನನ್ನ ಬೆರಳು ತಾನಾಗಿ ಬಿಗಿಯುತ್ತಿತ್ತು. ಪೈಪು ಅವನನ್ನು ಎಳೆದಾಡಿತು. ಒಮ್ಮೆ ಜೋಲಿ ತಪ್ಪಿ ಮೊಣಕೈ ಕಟಕಟೆಗೆ ಬಡಿಯಿತು. ಅವನು ಕಣ್ಣು ಮುಚ್ಚಿಕೊಂಡ. ನಾನೂ ಮುಚ್ಚಿಕೊಂಡೆ. ಏನೂ ಆಗಲಿಲ್ಲ. ನೀರು ಬೀಳುತ್ತಲೇ ಇತ್ತು.

ಕೊನೆಗೆ ಗಾಜಿಗೆ ಮುಖ ಒತ್ತಿ ಒಳಗೆ ಇಣುಕಿದ. ಒಣಗಿತ್ತು. ಇಳಿದು ಬಂದವನ ಕಾಲಿನಿಂದ ನನ್ನ ಹೆಂಡತಿ ಬೂಟು ಕಿತ್ತುಕೊಂಡು ಹಾಕಿಕೊಂಡಳು, “ನೆಲ ಎಲ್ಲಾ ಹಾಗೇ ಇದೆ, ಇದಕ್ಕೆ ತೊಳೆಯೋದು ಅಂತಾರಾ?” ಎಂದು ಗೊಣಗುತ್ತಾ ಏಣಿ ಹತ್ತಿದಳು.

ಭಾವ ಬಂದು ನನ್ನ ಪಕ್ಕ ನಿಂತ. “ಇನ್ನು ಕೈ ತೆಗಿಬಹುದು” ಎಂದ.

ಅವಳು ಕಟಕಟೆ ಹಿಡಿದು ಕೊನೆಯ ಟ್ಯಾಂಕಿನ ಕಡೆಗೆ ನಡೆಯುತ್ತಿದ್ದಳು. ನಾನು ತೆಗೆಯಲಿಲ್ಲ.